ನಮ್ಮ ಗೇಟಿನ ಮುಂದೊಂದು ವೇಗಮಿತಿ

ನಮ್ಮ ಬೀದಿಗೆ ಒಂದು ಸಂಘವಿದೆ. ಸಂಘಕ್ಕೆ ಒಬ್ಬ ಕಾರ್ಯದರ್ಶಿ ಇದ್ದಾನೆ. ಆ ನತದೃಷ್ಟ ನಾನೇ. ಬೀದಿದೀಪ ಕೆಟ್ಟರೂ ನನಗೇ ಬೈಗುಳ, ಚರಂಡಿ ಕಟ್ಟಿಕೊಂಡರೂ ನನಗೇ ಬೈಗುಳ. (ಮನೆಯೊಳಗಿನ ಬೈಗುಳ ಬೇರೆ ಖಾತೆ.)

ಇಂಥದ್ದರಲ್ಲಿ ನಗರಸಭೆ ಒಂದು ಆದೇಶ ಹೊರಡಿಸಿತು: ಇನ್ನು ಮುಂದೆ ಸಂಘಗಳೇ ತಮ್ಮ ಬೀದಿಯಲ್ಲಿ ಸಂಚಾರ ಸುರಕ್ಷತೆಯ ಫಲಕ ನೆಡಬಹುದು. ತಕ್ಷಣ ಸಭೆ ಸೇರಿತು.

"ವೇಗಮಿತಿ ಇಪ್ಪತ್ತು ಅಂತ ಬೋರ್ಡು ಬೇಕೇ ಬೇಕು. ಮಕ್ಕಳು ಆಡೋ ಬೀದಿ" ಎಂದರು ನಿವೃತ್ತ ಮೇಷ್ಟರು.

"ನಿಮ್ಮ ಮನೆ ಮುಂದೇನೇ ನೆಡೋಣ ಸಾರ್" ಎಂದೆ.

"ಅಯ್ಯೋ, ನಮ್ಮನೆಗೆ ಗಾಳಿ ಬರೋದೇ ಆ ಕಡೆಯಿಂದ!"

ಟೈಲರಮ್ಮನ ಅಂಗಡಿಗೆ ಅದು ಅಡ್ಡವಂತೆ. ಎಲ್ಲರಿಗೂ ಬೋರ್ಡು ಬೇಕು, ಕಂಬ ಯಾರಿಗೂ ಬೇಡ. ಕೊನೆಗೆ ನಾನೇ ಎದ್ದು ನಿಂತು, ನಮ್ಮ ಕಾಂಪೌಂಡಿನ ಮೂಲೆಯನ್ನು ಲೋಕಕಲ್ಯಾಣಾರ್ಥ ಅರ್ಪಿಸಿದೆ. ಚಪ್ಪಾಳೆ ಬಿತ್ತು.

ಭಾನುವಾರ ಆ ಮೂಲೆಯಲ್ಲಿ ಒಂದು ಇಟ್ಟಿಗೆ ಇಟ್ಟು, "ಇಟ್ಟಿಗೆ ಇರೋ ಕಡೆ ಗುಂಡಿ ತೋಡಪ್ಪ" ಎಂದು ಗಾರೆಯವನಿಗೆ ಫೋನಿನಲ್ಲಿ ಹೇಳಿ, ಮಧ್ಯಾಹ್ನದ ಊಟ ಮಾಡಿ ಮಲಗಿದವನು ಆ ದಿನ ಮತ್ತೆ ಹೊರಗೆ ಕಾಲಿಡಲಿಲ್ಲ. ಸೋಮವಾರ ಬೆಳಿಗ್ಗೆ ಕಾರು ತೆಗೆಯಲೆಂದು ಗೇಟು ತೆರೆದರೆ, ಎರಡು ಬಾಗಿಲುಗಳ ನಟ್ಟನಡುವೆ ಕಂಬ ನಿಂತಿದೆ! ಸಿಮೆಂಟು ಕಲ್ಲಾಗಿತ್ತು.

"ಇಟ್ಟಿಗೆ ಯಾರೇ ಸರಿಸಿದ್ದು?"

"ನಾನೇ" ಎಂದಳು ಹೆಂಡತಿ. "ಗೇಟು ಗಾಳಿಗೆ ದಡದಡ ಅಂತಿತ್ತು. ನಿಮ್ಮ ನಿದ್ದೆ ಕೆಡಬಾರದು ಅಂತ ಇಟ್ಟಿಗೇನ ಹೊರಗಿಂದ ಎರಡು ಬಾಗಿಲ ನಡುವೆ ಅಡ್ಡ ಒತ್ತಿಟ್ಟೆ. ತಪ್ಪಾ?"

"ಅದು ಗುರುತು ಕಣೇ!"

"ಇಟ್ಟಿಗೆ ಮೇಲೆ ಬರೆದಿತ್ತಾ?"

"ಗುಂಡಿ ತೋಡುವಾಗಲಾದ್ರೂ ಕಣ್ಣು ಬಿಟ್ಟು ನೋಡಬಾರದಿತ್ತಾ?"

"ನೋಡಿದೆ, ಕೇಳಿದೆ. 'ಕಾರ್ಯದರ್ಶಿಗಳೇ ಹೇಳಿದ್ದಾರಮ್ಮ' ಅಂದ ಗಾರೆಯವನು. ಸಂಘದ ವಿಷಯಕ್ಕೆ ಬಾಯಿ ಹಾಕಬೇಡ ಅಂತ ನೀವೇ ತಾನೇ ಅಂದಿರೋದು?"

ಅಂದಿನಿಂದ ಕಾರು ಒಳಗೆ ಬಂದಿ, ನಾನು ಬಸ್ಸಿನಲ್ಲಿ. ಎರಡು ಬಸ್ಸು ಬದಲಾಯಿಸಿ, ಬೆವರಿಳಿಸಿಕೊಂಡು ಕಚೇರಿ ಮುಟ್ಟುವಷ್ಟರಲ್ಲಿ ಸಾಹೇಬರು ಗಡಿಯಾರವನ್ನೂ ನನ್ನನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಇನ್ನೊಮ್ಮೆ ತಡವಾದರೆ ಮೆಮೊ ಎಂದರು. ನನಗೆ ಅಳುವೇ ಬಂದಿತು. ಕಂಬ ಕೀಳಿಸಲು ನಗರಸಭೆಗೆ ಓಡಿದರೆ ಗುಮಾಸ್ತರು ತಲೆಯೆತ್ತದೆ ಹೇಳಿದರು: "ನೆಟ್ಟಿದ್ದು ಸಂಘ, ಕೀಳೋದಕ್ಕೂ ಸಂಘದ ಠರಾವು ತನ್ನಿ."

ಹದಿನೈದನೇ ದಿನ ತುರ್ತು ಸಭೆ ಕರೆದೆ. ನನ್ನ ಕಷ್ಟವನ್ನು ಕಲ್ಲೂ ಕರಗುವಂತೆ ಹೇಳಿಕೊಂಡೆ. ಮೇಷ್ಟರು ಕರಗಲಿಲ್ಲ.

"ಎರಡು ವಾರದಿಂದ ಬೀದಿ ಎಷ್ಟು ತಣ್ಣಗಿದೆ ನೋಡಿ. ಒಬ್ಬರೂ ಜೋರಾಗಿ ಓಡಿಸ್ತಿಲ್ಲ."

"ಬೋರ್ಡು ಮೂಲೆಯಲ್ಲಿದ್ರೂ ಓದ್ತಾರೆ ಸಾರ್! ನನ್ನ ಕಾರು ಹೊರಗೆ ಬರಬೇಡವೇ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಟೈಲರಮ್ಮ ಬಾಯಿಬಿಟ್ಟರು: "ಅದೇ ಅಣ್ಣ ವಿಷಯ. ದಿನಾ ಬೆಳಿಗ್ಗೆ ಹಾರ್ನ್ ಹೊಡ್ಕೊಂಡು ಹಾರಿಹೋಗ್ತಿದ್ದದ್ದು ನಿಮ್ಮದೊಂದೇ ಕಾರು. ಮುಖಕ್ಕೆ ಹೇಗೆ ಹೇಳೋದು ಅಂತ ಬೋರ್ಡು ಕೇಳಿದ್ವಿ."

ಬೆಂಬಲಕ್ಕೆ, ಹಿಂದೆ ಕುಳಿತಿದ್ದ ಹೆಂಡತಿಯ ಕಡೆ ತಿರುಗಿದೆ.

"ಕಂಬ ಅಲ್ಲೇ ಇರಲಿ ಅನ್ನೋರು ಕೈ ಎತ್ತಿ" ಎಂದರು ಮೇಷ್ಟರು.

ಮೊದಲು ಎದ್ದದ್ದು ನನ್ನವಳ ಕೈ, ಹಿಂದೆಯೇ ಉಳಿದವರೆಲ್ಲರದು. ಠರಾವು ಬರೆಯಬೇಕಾದವನು ಕಾರ್ಯದರ್ಶಿ. ಪುಸ್ತಕ ತೆರೆದು, ಹಲ್ಲು ಕಚ್ಚಿಕೊಂಡು, "ಬಹುಮತದಿಂದ" ಎಂದು ಬರೆಯತೊಡಗಿದೆ. ಅವಳು ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಒಂದು ಕೈಗೋಸ್ಕರ ಠರಾವು ಯಾಕೆ ಕುಂಟಬೇಕು? ನೀವೂ ಎತ್ತಿಬಿಡಿ, 'ಸರ್ವಾನುಮತ' ಅಂತ ಚೆನ್ನಾಗಿರುತ್ತೆ."

ಎತ್ತಿದೆ.