ಶಾಖದ ಪೆಟ್ಟಿಗೆಯ ದೂರು

ಗುಳಿಗೆಯಣ್ಣ ಆ ನಾಲ್ಕು ಸಾಲು ಬರೆಯದೇ ಇದ್ದಿದ್ದರೆ ತನ್ನ ಪಾಡಿಗೆ ಮಾತ್ರೆ ಎಣಿಸಿಕೊಂಡು ಇರಬಹುದಿತ್ತು.

ಅವನು ಸಣ್ಣ ಊರಿನ ಸಣ್ಣ ಆಸ್ಪತ್ರೆಯ ಕಾಂಪೌಂಡರ್. ಮಾತ್ರೆ ಕೊಟ್ಟೂ ಕೊಟ್ಟೂ ಊರಿಗೆಲ್ಲ ಗುಳಿಗೆಯಣ್ಣನಾಗಿದ್ದ. ಮೂರು ವರ್ಷದ ಹಿಂದೆ ದೂರದ ಸಿರಿವಂತ ದೇಶದ ದೊಡ್ಡ ಸಂಸ್ಥೆಯೊಂದು ಆಸ್ಪತ್ರೆಗೆ ಶಾಖದ ಪೆಟ್ಟಿಗೆ ದಾನ ಮಾಡಿತ್ತು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗೆ ಮಲಗಿಸುವ ಗಾಜಿನ ಪೆಟ್ಟಿಗೆ. ಫೋಟೊ ಆಯಿತು, ಚಪ್ಪಾಳೆ ಆಯಿತು, ಸ್ವಿಚ್ಚು ಒತ್ತಿದ್ದೂ ಆಯಿತು. ಆದರೆ ಆ ದೇಶದ ಕರೆಂಟಿನ ಹದವೇ ಬೇರೆ, ಈ ಊರಿನದೇ ಬೇರೆ. ಪೆಟ್ಟಿಗೆ ಒಂದು ಸಲ ಕೆಮ್ಮಿ, ಹೊಗೆ ಬಿಟ್ಟು, ಕಣ್ಣು ಮುಚ್ಚಿತು. ಆಮೇಲೆ ಅದು ಬ್ಯಾಂಡೇಜು ಸುರುಳಿಗಳನ್ನು ಪೇರಿಸುವ ಮೇಜಾಯಿತು.

ಮೊದಲ ಎರಡು ವರ್ಷದಲ್ಲಿ ಐದು ಕೂಸುಗಳು ತಣ್ಣಗಾಗಿ ಹೋದವು. ಐದನೆಯದನ್ನು ಸುತ್ತಲು ಬಟ್ಟೆ ಹುಡುಕಿಕೊಟ್ಟ ದಿನ ಗುಳಿಗೆಯಣ್ಣ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ್ದ ವಿಳಾಸಕ್ಕೆ ಕಾಗದ ಬರೆದ: "ನಿಮ್ಮ ಪೆಟ್ಟಿಗೆ ನಮ್ಮ ಕರೆಂಟಿಗೆ ಆಗುವುದಿಲ್ಲ. ಒಳಗೆ ಶಾಖ ಕೊಡುವ ಕಾಯಿಲ್ ಸುಟ್ಟಿದೆ. ಇಲ್ಲಿಗೆ ಹೊಂದುವ ಕಾಯಿಲ್ ಒಂದು ಕಳಿಸಿ. ಕೂಸುಗಳು ಸಾಯುತ್ತಿವೆ."

ಹನ್ನೊಂದು ತಿಂಗಳು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಇವತ್ತು ಬೆಳಿಗ್ಗೆ ಫೋನು ಬಂತು. ದೂರಿನ ವಿಚಾರಣೆಗೆ ಸಂಸ್ಥೆಯ ಮುಖ್ಯಸ್ಥೆಯೇ ಖುದ್ದಾಗಿ ಬರುತ್ತಿದ್ದಾರೆ, ಮಧ್ಯಾಹ್ನ ಹನ್ನೆರಡಕ್ಕೆ.

ಡಾಕ್ಟರು ಸ್ಟೆತಸ್ಕೋಪನ್ನು ಹಾವು ಎಸೆದಂತೆ ಮೇಜಿನ ಮೇಲೆಸೆದರು. "ಏನ್ರೀ ಇದು? ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನ್ರೀ?"

"ಹಲ್ಲು ಎಣಿಸ್ಲಿಲ್ಲ ಸಾರ್. ಹಸುಗೆ ಕೆಚ್ಚಲೇ ಇಲ್ಲ ಅಂತ ಬರೆದೆ."

"ಅವರು ಮುನಿಸ್ಕೊಂಡ್ರೆ ಮುಂದಿನ ವರ್ಷದ ಔಷಧಿನೂ ನಿಂತುಹೋಗುತ್ತೆ. ಆಗ ಜನಕ್ಕೆ ಏನು ಹಂಚ್ತೀರಿ? ಸೀಮೆಸುಣ್ಣಾನಾ?"

ಆಗ ಬಾಗಿಲಲ್ಲಿ ಹೆಡ್ ಕ್ಲರ್ಕ್ ತಲೆ ಹಾಕಿದ. ಕರೆಯದೆ ಬರುವುದರಲ್ಲಿ ಅವನು ನೊಣಕ್ಕೂ ಒಂದು ಕೈ ಮೇಲು. "ಸಾರ್, ಪೆಟ್ಟಿಗೆ ನಡೀತಿದೆ ಅಂತ ತೋರಿಸಿಬಿಟ್ರೆ ದೂರೇ ಇಲ್ವಲ್ಲ! ವೈರ್‌ಮನ್ನನ್ನ ಕರೀಲಾ?"

ಎದುರುಮನೆಯ ವೈರ್‌ಮನ್ ಬಂದು, ಪೆಟ್ಟಿಗೆಯ ಹೊಟ್ಟೆ ಬಿಚ್ಚಿ ನೋಡಿ, "ಇದು ಸತ್ತು ಮೂರು ವರ್ಷ ಆಯ್ತು. ಜೀವ ಬರ್ಸೋಕಾಗಲ್ಲ. ಬೇಕಾದ್ರೆ ಮುಖಕ್ಕೆ ಕಳೆ ಬರಿಸ್ತೀನಿ," ಎಂದ. ಮನೆಯ ಅಟ್ಟದಲ್ಲಿದ್ದ ಹಳೇ ಕಾಲದ ತಂತಿ ಬಲ್ಬು ನಾಲ್ಕನ್ನು ತಂದು ಒಳಗೆ ಕೂರಿಸಿದ. ಪೆಟ್ಟಿಗೆ ಝಗ್ಗೆಂದಿತು.

"ಒಳಗೆ ಕೂಸು?" ಎಂದರು ಡಾಕ್ಟರು.

ಕೂಸೇನೋ ಇತ್ತು. ಇಟ್ಟಿಗೆ ಗೂಡಿನ ಕೂಲಿಯವಳೊಬ್ಬಳು ಏಳು ತಿಂಗಳಿಗೇ ಹೆತ್ತ ಹೆಣ್ಣುಕೂಸು, ಬೆಳಗಿನ ಜಾವ ಹುಟ್ಟಿದ್ದು, ಬೊಗಸೆಯಷ್ಟು. ತಾಯಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ನರ್ಸಮ್ಮ ಅದನ್ನು ಹತ್ತಿಯಲ್ಲಿ ಸುತ್ತಿ, ಎರಡೂ ಪಕ್ಕಕ್ಕೆ ಬಿಸಿನೀರಿನ ಬಾಟಲಿ ಇಟ್ಟು ಕಾಯುತ್ತಿದ್ದಳು. "ಇದನ್ನ ನಿಮ್ಮ ನಾಟಕಕ್ಕೆ ಕೊಡಲ್ಲ. ಮುಟ್ಟಿದವರ ಕೈ ಮುರೀತೀನಿ," ಎಂದಳು. ಅವಳು ಹೇಳಿದರೆ ಮುರಿಯುವವಳೇ.

ಹೆಡ್ ಕ್ಲರ್ಕ್ ಹಿಂದೆಮುಂದೆ ನೋಡದೆ ಮನೆಗೆ ಓಡಿ, ಒಂಬತ್ತು ತಿಂಗಳ ತನ್ನ ಮೊಮ್ಮಗನನ್ನೇ ಎತ್ತಿಕೊಂಡು ಬಂದ. ಮೂಟೆಯಂಥ ಹುಡುಗ. ಅವನನ್ನು ಪೆಟ್ಟಿಗೆಯೊಳಗೆ ತುರುಕುವಷ್ಟರಲ್ಲಿ ವೈರ್‌ಮನ್ನನ ಅಂಗಿಯ ಎರಡು ಗುಂಡಿ ಕಿತ್ತುಹೋದವು.

ಹನ್ನೆರಡಕ್ಕೆ ಸರಿಯಾಗಿ ಮುಖ್ಯಸ್ಥೆ ಬಂದರು. ಜೊತೆಗೆ ಕೊರಳಲ್ಲಿ ಚೀಟಿ ತೂಗುಹಾಕಿಕೊಂಡ ಒಬ್ಬ ದುಭಾಷಿ, ಹಿಂದಿನ ವ್ಯಾನಿನಲ್ಲಿ ನಾಲ್ವರು ಆಳುಗಳು. ಎಲ್ಲರೂ ಪೆಟ್ಟಿಗೆಯ ಮುಂದೆ ನಿಂತರು. ಒಳಗಿನ ಮಹಾಶಯ ಎದ್ದು ಕೂತು, ಗಾಜಿಗೆ ಮೂಗು ಒತ್ತಿ ನೆಕ್ಕುತ್ತಿದ್ದ.

"ಇವನೂ ದಿನ ತುಂಬದೆ ಹುಟ್ಟಿದವನಾ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

"ಹೌದು!" ಎಂದ ಹೆಡ್ ಕ್ಲರ್ಕ್. "ಪೆಟ್ಟಿಗೆ ಅಷ್ಟು ಚೆನ್ನಾಗಿದೆ."

"ಹಾಗಾದ್ರೆ ದೂರು ಕೊಟ್ಟವರು ಯಾರು?"

ಅಲ್ಲಿದ್ದ ಅಷ್ಟೂ ಬೆರಳುಗಳು ಗುಳಿಗೆಯಣ್ಣನ ಕಡೆ ತಿರುಗಿದವು. ಡಾಕ್ಟರು ಕಣ್ಣಲ್ಲೇ ಬೇಡಿಕೊಂಡರು. ತಪ್ಪಾಯಿತು ಎಂದು ಕೈಮುಗಿದುಬಿಡೋಣ ಎಂದುಕೊಂಡೇ ಗುಳಿಗೆಯಣ್ಣ ಮುಂದೆ ಬಂದ. ಆದರೆ ಆ ಗಾಜು ನೋಡುತ್ತಿದ್ದಂತೆ, ಐದನೇ ಕೂಸಿನ ಮೇಲೆ ತಾನೇ ಹೊದಿಸಿದ ಬಟ್ಟೆ ಕಣ್ಣಿಗೆ ಕಟ್ಟಿತು.

"ಇದು ಸುಳ್ಳು ಕಣ್ರೀ," ಎಂದ. "ಬಂದ ದಿನಾನೇ ಸುಟ್ಟುಹೋದ ಪೆಟ್ಟಿಗೆ ಇದು. ಹಾಕಿರೋದು ಬರೀ ಬಲ್ಬು. ಐದು ಕೂಸು ಹೋಯ್ತು. ಅಲ್ಲಿ ಆರನೇದು ಮಲಗಿದೆ. ನಿಮ್ಮೂರಲ್ಲಾದ್ರೆ ಹೀಗೆ ಕೊಟ್ಟು ಹೋಗ್ತಿದ್ರಾ? ಇದಕ್ಕೆ ಯಾರು ಜವಾಬ್ದಾರಿ, ಕೇಳಿ ಅವರನ್ನ."

ದುಭಾಷಿ ಹೇಳಿದ. ಮುಖ್ಯಸ್ಥೆಯ ಕಣ್ಣು ತುಂಬಿ ಬಂತು. ಗುಳಿಗೆಯಣ್ಣನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು.

"ಹದಿನೇಳು ದೇಶ ಸುತ್ತಿದ್ದೀನಿ, ಎಲ್ರೂ ಧನ್ಯವಾದ ಹೇಳ್ತಾರೆ, ನಿಜ ಹೇಳಿದ್ದು ನೀವೊಬ್ರೇ ಅಂತಿದ್ದಾರೆ," ಎಂದ ದುಭಾಷಿ. "ತಪ್ಪು ನಮ್ಮದು. ಇವತ್ತೇ, ಈಗಲೇ ಕ್ರಮ ತಗೋತೀವಿ ಅಂತಿದ್ದಾರೆ."

ಗುಳಿಗೆಯಣ್ಣ ನಿಂತಲ್ಲೇ ಒಂದು ಗೇಣು ಉದ್ದವಾದ. ಹೆಡ್ ಕ್ಲರ್ಕ್ ಮೊಮ್ಮಗನನ್ನು ಹೊರಗೆಳೆದುಕೊಂಡ. ಮುಖ್ಯಸ್ಥೆ ಡಾಕ್ಟರ ಕೋಣೆಯಲ್ಲಿ ಹೇಳಿಕೆ ಬರೆಸಿದರು: ಪೆಟ್ಟಿಗೆ ಕೆಟ್ಟಿದೆ, ಕೂಸುಗಳಿಗೆ ಅಪಾಯಕಾರಿ. ಡಾಕ್ಟರು ಸಹಿ ಹಾಕಿದರು, ಗುಳಿಗೆಯಣ್ಣ ಸಹಿ ಹಾಕಿದ. ಕಾಯಿಲ್ ವ್ಯಾನಿನಲ್ಲೇ ಇರಬೇಕು ಎಂದುಕೊಂಡು ಹೊರಗೆ ಬಂದ.

"ಅಣ್ಣಾ, ಬೇಗ ಬಾ!" ನರ್ಸಮ್ಮ ಕೂಗುತ್ತಿದ್ದಳು. ಮೂರು ವರ್ಷದಲ್ಲಿ ಅವಳ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಕ್ಲರ್ಕನ ಮೊಮ್ಮಗ ಪೆಟ್ಟಿಗೆಯಿಂದ ಬೆವರಿ ತೊಪ್ಪೆಯಾಗಿ ಬಂದದ್ದನ್ನು ನೋಡಿ, ಒಳಗೆ ಕೈಯಿಟ್ಟು ನೋಡಿದ್ದಳು. ಬಲ್ಬಿನ ಕಾವು, ಹದವಾದ ಕಾವು. ಎರಡು ಬಲ್ಬು ಆರಿಸಿ, ಬೊಗಸೆ ಕೂಸನ್ನು ಮಲಗಿಸಿದ್ದಳು. "ನೋಡಣ್ಣ, ಉಗುರು ನೀಲಿ ಇತ್ತು, ಕೆಂಪಾಯ್ತು! ಬಾಯಿ ಚಪ್ಪರಿಸ್ತಿದೆ ನೋಡು!"

ಅಷ್ಟರಲ್ಲಿ ನಾಲ್ವರು ಆಳುಗಳು ಹಗ್ಗ ಹಿಡಿದು ಬಂದರು.

"ಕೂಸನ್ನ ಎತ್ಕೊಳ್ಳಿ," ಎಂದ ದುಭಾಷಿ. "ಪೆಟ್ಟಿಗೆ ವಾಪಸ್ಸು ತಗೊಂಡು ಹೋಗ್ತಿದ್ದೀವಿ."

"ಅಯ್ಯೋ! ಈಗ ನಡೀತಿದೆಯಲ್ಲ!" ಎಂದ ಗುಳಿಗೆಯಣ್ಣ.

"ಅಪಾಯಕಾರಿ ಅಂತ ನೀವೇ ಸಹಿ ಹಾಕಿದ್ದೀರಿ ಸಾರ್. ಒಂದು ಗಂಟೆನೂ ಇಲ್ಲಿ ಬಿಡಕೂಡದು ಅಂತ ನಿಯಮ. ನಿಮ್ಮ ಜೀವಕ್ಕೆ ನಾವು ಹೊಣೆ ಅಲ್ವಾ?"

"ಬಲ್ಬಾದ್ರೂ ಬಿಟ್ಟುಹೋಗ್ರಪ್ಪ!"

"ಅದು ಸಾಕ್ಷಿ."

ಡಾಕ್ಟರು ಅಡ್ಡ ನಿಂತರು, ಹೆಡ್ ಕ್ಲರ್ಕ್ ಕಾಲಿಗೆ ಬಿದ್ದ. ಮುಖ್ಯಸ್ಥೆ ಅದನ್ನು ಕೃತಜ್ಞತೆ ಎಂದು ತಿಳಿದು ಮತ್ತೊಮ್ಮೆ ಕಣ್ಣೊರೆಸಿಕೊಂಡರು. ಪೆಟ್ಟಿಗೆ ವ್ಯಾನು ಹತ್ತಿತು. ಬೇರೆಯದು ಯಾವಾಗ ಎಂದಿದ್ದಕ್ಕೆ ವಿಚಾರಣೆ ಮುಗಿಯಬೇಕು, ಎರಡು ವರ್ಷವಾದರೂ ಹಿಡಿಯುತ್ತದೆ ಎಂಬ ಉತ್ತರ ಬಂತು.

"ಮರದ ಪೆಟ್ಟಿಗೆ ನಾನು ಹೊಂದಿಸ್ತೀನಿ," ಎಂದ ವೈರ್‌ಮನ್. "ಆದ್ರೆ ಆ ಬಲ್ಬು ಈಗ ಯಾವ ಅಂಗಡೀಲೂ ಮಾರಲ್ಲ. ಇದ್ದದ್ದು ನಾಲ್ಕೇ." ಆದರೂ ಮನೆಮನೆ ಹುಡುಕಲು ಓಡಿದ.

ನರ್ಸಮ್ಮ ಪ್ರಜ್ಞೆಯಿಲ್ಲದ ತಾಯಿಯ ಕಡೆ ಓಡಬೇಕಿತ್ತು. "ಅಣ್ಣಾ, ಅಂಗಿ ಬಿಚ್ಚು. ಕೂತ್ಕೋ," ಎಂದವಳೇ ಕೂಸನ್ನು ಅವನ ಬರಿಯೆದೆಗೆ ಒತ್ತಿ, ಮೇಲೆ ಕಂಬಳಿ ಹೊದಿಸಿದಳು. ಗುಳಿಗೆಯಣ್ಣ ಎರಡೂ ಕೈಯಿಂದ ಅದನ್ನು ಅವಚಿಕೊಂಡು ಕುಳಿತ. ಅದರ ಉಸಿರು ಎದೆಗೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಪ್ರತಿ ಸಲ ತಪ್ಪಿದಾಗಲೂ ಅವನದೂ ತಪ್ಪುತ್ತಿತ್ತು.

ಬಾಗಿಲು ತೆರೆದುಕೊಂಡಿತು. ದುಭಾಷಿ. ಕೈಯಲ್ಲೊಂದು ಹಾಳೆ.

"ಒಂದೇ ನಿಮಿಷ ಸಾರ್. ನಿಮ್ಮ ದೂರಿಗೆ ಸಿಕ್ಕ ಪರಿಹಾರ ತೃಪ್ತಿ ತಂದಿದೆಯಾ ಅಂತ ಇದರಲ್ಲಿ ಗುರುತು ಹಾಕ್ಬೇಕು. ಓ, ಕೈ ಬಿಡುವಿಲ್ವಾ? ಪರವಾಗಿಲ್ಲ, ನಾನೇ ಹಾಕ್ತೀನಿ." 'ಪೂರ್ಣ ತೃಪ್ತಿ' ಎಂಬಲ್ಲಿ ಗುರುತು ಹಾಕಿದ. "ಮತ್ತೇನಾದ್ರೂ ಹೇಳೋದಿದೆಯಾ?"

"ಬಾಗಿಲು ಹಾಕ್ಕೊಂಡು ಹೋಗಿ," ಎಂದ ಗುಳಿಗೆಯಣ್ಣ. "ಗಾಳಿ ತಣ್ಣಗಿದೆ."

ದುಭಾಷಿ ಅದನ್ನೂ ಅಕ್ಷರ ಬಿಡದೆ ಬರೆದುಕೊಂಡು, ಹೊರಡುವ ವ್ಯಾನು ಹಿಡಿಯಲು ಓಡಿದ. ಬಾಗಿಲು ತೆರೆದೇ ಇತ್ತು.