ಎಡಕ್ಕೆ ಕೆಂಚ್ಯಾ, ಬಲಕ್ಕೆ ಸರ್ಜ್ಯಾ

ಶೆಟ್ಟೆಪ್ಪನ ಕಷ್ಟಕ್ಕೆಲ್ಲ ಕಾರಣ ಅವನ ಕಾಲು. ‘ಲೆಫ್ಟ್’ ಎಂದು ಹುಕುಂ ಬಿದ್ದರೆ ಸಾಕು, ಕರೆಯದೆ ಬಂದ ಬೀಗನ ಹಾಗೆ ಬಲಗಾಲೇ ಮುಂದೆ ನುಗ್ಗುತ್ತಿತ್ತು.

ಜರ್ಮನಿಯ ಯುದ್ಧ ನಡೆದ ಕಾಲ. ಕಾಲೇಜು ಹುಡುಗರನ್ನು ಫೌಜಿನ ಅಧಿಕಾರಿಗಳನ್ನಾಗಿ ತಯಾರು ಮಾಡುವ ಟ್ರೇನಿಂಗ್ ಕೋರು ಎಂಬ ದಳ ಹುಕ್ಕೇರಿಯ ಬಯಲಿನಲ್ಲಿ ಡೇರೆ ಹೊಡೆದಿತ್ತು. ಅದಕ್ಕೆ ಸೇರಿದ್ದ ಶೆಟ್ಟೆಪ್ಪನ ಅವ್ವ ತಾಯವ್ವ ಊರಿನಲ್ಲಿ, ‘ನಮ್ಮ ಹುಡುಗ ಇನ್ನ ಸಾಯೇಬ’ ಎಂದು ಓಣಿಗೆಲ್ಲ ಸಕ್ಕರೆ ಹಂಚಿ ಮುಗಿಸಿದ್ದಳು.

ಬೆಳಿಗ್ಗೆಯೇ ಹವಾಲ್ದಾರ ಗುಡುಗಿದ: “ಸಂಜಿಗೆ ಗೋರಾ ಕರ್ನಲ್ ಬರ್ತಾರ. ಇನ್ನೊಮ್ಮಿ ತಪ್ಪಿದಿ ಅಂದ್ರ ಖಾಕಿ ಬಿಚ್ಚಿಟ್ಟು ಮನಿಗೆ ನಡಿ!”

ಗೆಳೆಯರು ಸುಮ್ಮನಿರಬೇಕಲ್ಲ! “ಎಡಗಾಲ ಬೂಟಿನ್ಯಾಗ ಸಣ್ಣ ಹರಳ ಹಾಕ್ಕೊಳಪಾ, ನೆನಪಿರತೈತಿ,” ಎಂದ ವೀರಪ್ಪ. ಶೆಟ್ಟೆಪ್ಪ ಹಾಕಿಕೊಂಡು ಕುಂಟಿದ. “ಎಡಗೈಗೆ ಕೆಂಪು ದಾರ ಕಟ್ಟಲೇ,” ಎಂದ ರಾಜಪ್ಪ. ಕಟ್ಟಿಕೊಂಡು, ಪ್ರತಿ ಹುಕುಮಿಗೂ ನಿಂತು ಕೈ ನೋಡಿಕೊಂಡ. ಹಿಂದಿನವ ಡಿಕ್ಕಿ ಹೊಡೆದ. ಇಡೀ ಸಾಲು ಜೋಳದ ಕಣಿಕೆಯ ಬಣವೆಯಂತೆ ಕುಸಿಯಿತು.

ಮಧ್ಯಾಹ್ನ ಅಪ್ಪ ಮಾಳಪ್ಪ ಬಂದ. ಸಂತೆಗೆ ಚಕ್ಕಡಿ ಹೂಡಿಕೊಂಡು ಬಂದವನು, ಬಯಲಿನ ಬೇವಿನ ಮರಕ್ಕೆ ಜೋಡೆತ್ತು ಕಟ್ಟಿ, ತಾಯವ್ವ ಕೊಟ್ಟ ರೊಟ್ಟಿಗಂಟು ಬಿಚ್ಚಿದ. ಮಗನ ಬಾಡಿದ ಮುಖ ನೋಡಿ ಎಲ್ಲ ಕೇಳಿ ತಿಳಿದುಕೊಂಡ.

“ಹೊಲದಾಗ ಎತ್ತು ಹೂಡಿ ರಂಟಿ ಹೊಡಿಯುವಾಗ ಯಾವತ್ತರ ಎಡಬಲ ತಪ್ಪೀದೇನೋ ತಮ್ಮಾ?”

“ಇಲ್ಲಪ್ಪಾ. ಅಲ್ಲಿ ಎಡಕ್ಕ ಕೆಂಚ್ಯಾ ಇರ್ತಾನ, ಬಲಕ್ಕ ಸರ್ಜ್ಯಾ.”

“ಇಲ್ಲೂ ಅದಾರಂತ ತಿಳಕೊ. ಅವರು ‘ಲೆಫ್ಟ್’ ಅಂದ್ರ ನೀ ಮನಸಿನ್ಯಾಗ ‘ಕೆಂಚ್ಯಾ’ ಅನ್ನು. ‘ರೈಟ್’ ಅಂದ್ರ ‘ಸರ್ಜ್ಯಾ’.” ತನ್ನ ರುಮಾಲಿನ ಸೆರಗಿನಿಂದ ಮಗನ ಬೂಟಿನ ಧೂಳು ಒರೆಸಿದ.

ಸಂಜೆ ಪವಾಡವೇ ನಡೆಯಿತು. ಶೆಟ್ಟೆಪ್ಪ ಎಡಬಲ ಒಂದೂ ತಪ್ಪದೆ ಬುಗುರಿಯಂತೆ ತಿರುಗಿದ. ಕರ್ನಲ್ ಏನೋ ಗೊಣಗಿದ. ಕಾಲೇಜಿನ ಮಾಸ್ತರನೂ ಕೋರಿನ ಲೆಫ್ಟಿನೆಂಟನೂ ಆದ ಅಣ್ಣಾಸಾಹೇಬ ಕನ್ನಡಕ್ಕಿಳಿಸಿದ: “ಸಾಹೇಬ್ರು ಖುಷಿಯಾಗ್ಯಾರ. ಮುಂದ ಬಾ, ಈಗ ನೀನ ಹುಕುಂ ಕೊಡು.”

ಇಲ್ಲಿಯತನಕ ಮನಸ್ಸಿನಲ್ಲಿ ಅಂದರೆ ಸಾಕಿತ್ತು. ಈಗ ಬಾಯಿ ತೆರೆಯಬೇಕು. ಶೆಟ್ಟೆಪ್ಪ ಹೊಕ್ಕುಳಿಂದ ಉಸಿರೆಳೆದು ಕೂಗಿದ:

“ಕೆಂಚ್ಯಾ!”

ಸಾಲು ಕದಲಲಿಲ್ಲ. ಬೇವಿನ ಮರದ ಕೆಳಗೆ ಹಗ್ಗ ಹರಿಯಿತು. ಕೆಂಚ್ಯಾ ಗೌಡನ ಗತ್ತಿನಲ್ಲಿ ಬಂದು ಶೆಟ್ಟೆಪ್ಪನ ಎಡಕ್ಕೆ ನಿಂತು, ಗಂಜಿ ಹಾಕಿದ ಖಾಕಿ ನೆಕ್ಕತೊಡಗಿದ. ಜೋಡಿ ಬಿಟ್ಟಿರಲಾರದ ಸರ್ಜ್ಯಾನೂ ಹಗ್ಗ ಹರಿದುಕೊಂಡು ಬಂದು ಬಲಕ್ಕೆ ನಿಂತ.

“ಯಾರವಲೇ ಇವು?” ಅಣ್ಣಾಸಾಹೇಬ ಚೀರಿದ.

ಕವಾಯತು ನೋಡುತ್ತ ನಿಂತಿದ್ದ ಮಾಳಪ್ಪ ಓಡಿ ಬಂದು ಕೈ ಮುಗಿದ. “ನನ್ನವ್ರೀ ಸಾಹೇಬ್ರ.” ಮಗನನ್ನೊಮ್ಮೆ ನೋಡಿದ. “ಮೂರೂ ನನ್ನವ.”

ಕರ್ನಲ್ ಹೊಟ್ಟೆ ಹಿಡಿದು ನಕ್ಕು ಮತ್ತೇನೋ ಅಂದ. ಅಣ್ಣಾಸಾಹೇಬ ನಗಲಿಲ್ಲ. “ಎತ್ತಿನ ಕವಾಯತು ಪಸಂದ ಐತಿ ಅಂತಾರ. ನೀ ಖಾಕಿ ಬಿಚ್ಚು.”

ಚಕ್ಕಡಿ ಊರ ಕಡೆ ಹೊರಟಾಗ ಶೆಟ್ಟೆಪ್ಪ ಕೇಳಿದ: “ಅವ್ವಗ ಏನಂತ ಹೇಳೂದಪ್ಪಾ?”

“ಯಾರದೋ ಜಗಳಕ್ಕ ಸಾಯಾಕ ಹೋಗದ ಮಗಾ ತಿರುಗಿ ಬಂದಾನ ಅಂತ ಹೇಳೂಣು. ಮತ್ತೊಮ್ಮಿ ಸಕ್ಕರಿ ಹಂಚತಾಳ, ನೋಡು.” ಮಾಳಪ್ಪ ಹಗ್ಗ ಮಗನ ಕೈಗೆ ಕೊಟ್ಟ. ಊರ ದಾರಿ ಎಡಕ್ಕೆ ಕವಲೊಡೆಯುವಲ್ಲಿ, ಮಗನನ್ನು ನಗಿಸಲೆಂದು, ಆಗತಾನೇ ಕಲಿತದ್ದನ್ನು ಹವಾಲ್ದಾರನಂತೆ ಕೂಗಿದ: “ಲೆಫ್ಟ್ ಟರ್ನ್!”

ಶೆಟ್ಟೆಪ್ಪ ತಟ್ಟನೆ ಬಲಗಡೆಯ ಹಗ್ಗ ಜಗ್ಗಿದ.

ಕೆಂಚ್ಯಾ ಮಾತ್ರ ಸರಿಯಾಗಿ ಎಡಕ್ಕೆ ಹೊರಳಿದ.