ಟೇಲರ್ ಸಾಹೇಬರ ಗುಂಡುಸೂಜಿಗಳು

ಹೆಂಡತಿ ಈ ದೇಶದ ಪ್ರಜೆ. ಗಂಡ, ಹೆಂಡತಿಯ ಪ್ರಜೆ. ನಮ್ಮ ಟೇಲರ್ ಸಾಹೇಬರ ಸದ್ಯದ ಸ್ಥಿತಿ ಇಷ್ಟೇ. ಹೆಂಡತಿ ಸಿಟಿ ಬಸ್ಸು ಓಡಿಸುವವಳು (ಮನೆಯ ಸ್ಟೇರಿಂಗೂ ಅವಳ ಕೈಯಲ್ಲೇ). ಇವರ ತಾತ್ಕಾಲಿಕ ವೀಸಾ ಮುಗಿಯುತ್ತ ಬಂದಿತ್ತು. ಸಂಗಾತಿ ವೀಸಾ ಸಿಕ್ಕರೆ ಇಲ್ಲೇ ಸಂಸಾರ. ಇಲ್ಲವಾದರೆ ಗಂಟುಮೂಟೆ ಕಟ್ಟಿ ವಾಪಸ್ಸು ಹೋಗಿ, ಅಲ್ಲಿಂದ ಮತ್ತೆ ಅರ್ಜಿ ಹಾಕಿ, ಎಷ್ಟು ವರ್ಷವೋ ಏನೋ, ಕಾಯುತ್ತ ಕೂರಬೇಕು. ಇದು ನಿಜವಾದ ಮದುವೆಯೋ, ವೀಸಾಕ್ಕಾಗಿ ಕಟ್ಟಿದ ನಾಟಕವೋ ಎಂದು ತೀರ್ಮಾನಿಸಲು ಅಧಿಕಾರಿಯೊಬ್ಬರು ಇಬ್ಬರನ್ನೂ ಒಬ್ಬೊಬ್ಬರಾಗಿ ಒಳಗೆ ಕರೆದು ವಿಚಾರಿಸುತ್ತಾರಂತೆ.

ಟೇಲರಿಗೆ ಒಂದು ದಿವ್ಯಾಲೋಚನೆ ಹೊಳೆಯಿತು: ಆದರ್ಶ ದಂಪತಿಯಾಗಿ ಹೋಗಿಬಿಡುವುದು. ಜಗಳ ಎಂದರೇನೆಂದೇ ಗೊತ್ತಿಲ್ಲದ ದಂಪತಿ.

"ಏನೇ ಕೇಳಲಿ ಕಣೇ, ನಮ್ಮನೆಯವರು ಅಪರಂಜಿ ಅನ್ನು. ಅಷ್ಟು ಸಾಕು."

"ನಂಗೆ ಸುಳ್ಳು ಹೇಳಿದ್ರೆ ಬಿಕ್ಕಳಿಕೆ ಬರುತ್ತೆ ರೀ," ಎಂದಳು ಅವಳು.

ಸಂದರ್ಶನದ ದಿನ ಮೊದಲು ಒಳಗೆ ಹೋದವರು ಟೇಲರು. ಮೆತ್ತನೆಯ ಕುರ್ಚಿಯಲ್ಲಿ ಕೂತು, ತಾವು ಮನೆಯಲ್ಲಿ ದನಿ ಎತ್ತಿದವರೇ ಅಲ್ಲವೆಂದೂ, ಹೊಲಿಗೆಯ ಸಾಮಾನು ಅಚ್ಚುಕಟ್ಟಾಗಿ ಡಬ್ಬಿಯಲ್ಲೇ ಇರುತ್ತದೆಂದೂ, ಹೆಂಡತಿಗೆ ತಮ್ಮ ಮೇಲೆ ಎಳ್ಳಷ್ಟೂ ದೂರಿಲ್ಲವೆಂದೂ ನಿರರ್ಗಳವಾಗಿ ಒದರಿದರು. ಅಧಿಕಾರಿಯ ಹುಬ್ಬು ಮೇಲಕ್ಕೆ ಹೋಯಿತು. ಇಂಥ ಗಂಡನನ್ನು ಆತ ಕಂಡಿರಲಿಲ್ಲ. ಕಂಡಿದ್ದರೆ ಅದು ಸುಳ್ಳು ಮದುವೆಗಳಲ್ಲಿ ಮಾತ್ರ.

ಆಮೇಲೆ ಅವಳ ಸರದಿ. ಅದೇ ಕುರ್ಚಿಯ ಮುಂದೆ ಬಂದು ನಿಂತಳು. ಕೂರಲಿಲ್ಲ. ಮೊದಲು ಅಂಗೈಯಿಂದ ಸೀಟು ಸವರಿ, ಕೈಯೊರಗಿನ ಸಂದುಗೊಂದೆಲ್ಲ ತಡವಿ, ಒಂದೊಂದಾಗಿ ಗುಂಡುಸೂಜಿಗಳನ್ನು ಕಿತ್ತು ಮೇಜಿನ ಮೇಲಿಟ್ಟಳು. ಆಮೇಲೆ ಕೂತಳು. ಎಲ್ಲ ಅಭ್ಯಾಸಬಲ; ಎಲ್ಲಿದ್ದೇನೆ, ಏನು ಮಾಡಿದೆ ಎಂಬ ಪರಿವೆಯೇ ಅವಳಿಗಿರಲಿಲ್ಲ.

ಇದೇನಮ್ಮ ಎಂದು ಅಧಿಕಾರಿ ಕೇಳಿದರು.

"ಇವರು ಎದ್ದು ಹೋದ ಕುರ್ಚಿ ಸಾರ್. ನೋಡದೆ ಕೂತ್ರೆ ನನ್ನ ಗತಿ ಏನು? ಅಂಗಿ ತೋಳಲ್ಲಿ ಸಿಗಿಸಿಕೊಂಡಿರ್ತಾರೆ, ಗಾಬರಿ ಆದ್ರೆ ಸಿಕ್ಕಿದ ಕಡೆ ಚುಚ್ಚಿಬಿಡ್ತಾರೆ."

ಕಟ್ಟೆ ಒಡೆಯಿತು. ಸೋಫಾದ ಸೂಜಿ, ದಿಂಬಿನ ಸೂಜಿ, ಬಾಯಲ್ಲಿ ಸೂಜಿ ಕಚ್ಚಿಕೊಂಡು ಎಲ್ಲದಕ್ಕೂ 'ಹ್ಞೂಂ' ಎನ್ನುವ ಚಾಳಿ, ಗಿರಾಕಿಯ ಕೋಟು ಹೇಳಿದ ದಿನ ಸಿದ್ಧ, ಹೆಂಡತಿಯ ರವಿಕೆ ಮಾತ್ರ ನಾಳೆ, ನಾಳೆ! ಬಿಕ್ಕಳಿಕೆ ಒಂದೂ ಬರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು ಹೇಳಿದಳು: "ಇವರನ್ನ ಕಳಿಸಿಬಿಡಬೇಡಿ ಸಾರ್. ಮನೆಗೆ ಹೋಗಿ ಯಾರನ್ನ ಬೈಲಿ ನಾನು?"

ಟೇಲರನ್ನು ಮತ್ತೆ ಒಳಗೆ ಕರೆದರು. "ನೀವು ಹೇಳಿದ್ದರಲ್ಲಿ ಒಂದನ್ನೂ ನಾನು ನಂಬಲ್ಲ," ಎಂದರು ಅಧಿಕಾರಿ, ಸೂಜಿಗಳನ್ನು ಅವರತ್ತ ತಳ್ಳುತ್ತ. "ನಿಮ್ಮ ಹೆಂಡತಿ ಹೇಳಿದ್ದು ಪೂರ್ತಿ ನಂಬ್ತೀನಿ. ವೀಸಾ ಕೊಟ್ಟಿದ್ದೇನೆ. ಎರಡು ವರ್ಷ ಬಿಟ್ಟು ಮತ್ತೆ ವಿಚಾರಣೆ ಇರುತ್ತೆ, ಇಬ್ಬರೂ ಬನ್ನಿ."

ಮನೆಗೆ ಬಂದಮೇಲೆ ಟೇಲರು ಗತ್ತಿನಿಂದ, ವೀಸಾ ಸಿಕ್ಕಾಯಿತಲ್ಲ, ಇನ್ನು ಈ ದೂರುಗಳ ಪುರಾಣ ಸಾಕು ಮಾಡು ಎಂದರು.

"ಸಾಕು ಮಾಡಿದ್ರೆ ಆಯ್ತಾ? ಎರಡು ವರ್ಷಕ್ಕೆ ಮತ್ತೆ ಕೇಳ್ತಾರಂತಲ್ಲ. ಹೊಸದಾಗಿ ಹೇಳೋಕೆ ನನ್ನ ಹತ್ರ ಏನಾದ್ರೂ ಬೇಡ್ವಾ?"

ಟೇಲರು ಉಸ್ಸೆಂದು ಸೋಫಾದ ಮೇಲೆ ಕುಸಿದವರು, ಕುಸಿದಷ್ಟೇ ವೇಗದಲ್ಲಿ ಚಿಮ್ಮಿ ಎದ್ದರು.

"ಹ್ಞಾಂ," ಎಂದಳು ಅವಳು ತಿರುಗಿಯೂ ನೋಡದೆ, "ಅದನ್ನೂ ಹೇಳ್ತೀನಿ."